ಡೇವಿಡ್‌ನ ಕಾಲು ಮುಟ್ಟಿದವರಿಗೆ

ಪೆಟಾಲಿಂಗ್ ಜಯಾ
೧೮ ಜೂನ್ ೨೦೨೧

ಚಿಕ್ಕಪ್ಪನವರಿಗೆ,

ನಿಮ್ಮ ಆನ್‌ಲೈನ್ ಪ್ರವಾಸದ ಜಾಹೀರಾತಿನಲ್ಲಿ ಇಂದು ಬೆಳಿಗ್ಗೆ ಹೊಸದೊಂದು ಸಾಲು ಕಂಡೆ: ‘ಫ್ಲಾರೆನ್ಸ್ ನಗರವನ್ನು ಕಣ್ಣಾರೆ ಕಂಡವರಿಂದ.’ ಇಟಲಿಯಲ್ಲಿ ನೀವು ಕಂಡದ್ದು ರೋಮ್ ವಿಮಾನ ನಿಲ್ದಾಣ ಮಾತ್ರ, ಅದೂ ಮೂರು ಗಂಟೆ ಎಂದು ಚಿಕ್ಕಮ್ಮನೇ ಹೇಳಿದ್ದಾರೆ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಒಂದೇ ಮನೆಯಲ್ಲಿದ್ದೂ ಬರೆಯುತ್ತಿದ್ದೇನೆ.

ಲಾಕ್‌ಡೌನಿನಲ್ಲಿ ಮನೆಯೊಳಗೇ ಉಳಿದ ಕನ್ನಡ ಕುಟುಂಬಗಳಿಗೆ ನೀವು ಪ್ರತಿ ಭಾನುವಾರ ಓದಿ ಹೇಳುವುದೆಲ್ಲ ನಾನು ಪುಸ್ತಕ ನೋಡಿ ಬರೆದದ್ದು. ಆ ಊರಿನ ಚೌಕದಲ್ಲಿರುವ ಡೇವಿಡ್ ವಿಗ್ರಹ ಪ್ರತಿಕೃತಿ, ಮೂಲ ಶಿಲ್ಪ ಗ್ಯಾಲರಿಯೊಳಗಿದೆ ಎಂದು ಬರೆದಿದ್ದೆ. ನೀವು ಅದನ್ನು ಹೊಡೆದುಹಾಕಿ, “ಇದೇ ಒರಿಜಿನಲ್, ನಾನೇ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದಿದೀನಿ” ಎಂದಿರಿ. ಪೀಠವೇ ಆಳೆತ್ತರ, ಕಾಲು ಸುಲಭಕ್ಕೆ ಕೈಗೆಟುಕದು ಎಂದೂ ನಾನು ಬರೆದಿದ್ದೆ.

ಪ್ರವಾಸ ನೋಡುತ್ತಿದ್ದ ಪುತ್ರಜಯಾದ ಡಾಕ್ಟರ್ ವಾಜಿದಾ ಅದು ಪ್ರತಿಕೃತಿಯಲ್ಲವೇ ಎಂದು ಕೇಳಿದಾಗ, “ನಮ್ಮ ಹುಡ್ಗಿ ಬರ್ಕೊಟ್ಟಿದ್ದು ಮೇಡಂ. ಕನ್ನಡ ಎಂ.ಎ. ಓದಿರೋಳು, ಇಟಲಿ ಎಲ್ಲಿ ನೋಡಿರ್ತಾಳೆ ಲಾ” ಎಂದು ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ ಹೇಳಿದಿರಿ. ಎಲ್ಲರೂ ನಕ್ಕರು. ಕ್ಯಾಮೆರಾ ಆಫ್ ಮಾಡಿಕೊಂಡು ನಾನೂ ಕೇಳುತ್ತಿದ್ದೆ.

ಜಾಹೀರಾತಿನ ಆ ಸಾಲನ್ನು ದಯವಿಟ್ಟು ತೆಗೆಯಿರಿ. ತಪ್ಪು ಯಾರದೆಂದು ಗುಂಪಿನಲ್ಲಿ ತಿಳಿಸಿ. ಈ ಭಾನುವಾರಕ್ಕೆ ನನ್ನಿಂದ ಬರಹ ಕೇಳಬೇಡಿ. ಅದೇ ಹೊತ್ತಿಗೆ ವಾಜಿದಾ ಅವರ ಮನೆಯವರಿಗೆ ಆನ್‌ಲೈನಿನಲ್ಲಿ ಫ್ಲಾರೆನ್ಸ್ ತೋರಿಸಲು ನಾನು ಒಪ್ಪಿಕೊಂಡಿದ್ದೇನೆ. ಆ ಊರಿಗೆ ನಾನು ಹೋಗಿಲ್ಲ ಎಂಬುದನ್ನೇ ಮೊದಲು ಹೇಳುತ್ತೇನೆ.

ಪಕ್ಕದ ಕೋಣೆಯಿಂದ,
ಶಾಲ್ಮಲಿ