ಈ ಸಲ ಬಾಣಲೆ ಇಟ್ಟೆ

ಹಿರಿಯೂರು
9 ಫೆಬ್ರವರಿ 2025, ಭಾನುವಾರ

ನನ್ನ ಮಮತಾ,

ಕರ್ತನ ಕೃಪೆ ನಿನ್ನ ಮೇಲಿರಲಿ, ನನ್ನ ಸಿಟ್ಟೂ ಸ್ವಲ್ಪ ಇರಲಿ. ಫೋನಿನಲ್ಲಿ ಈ ಮಾತು ತೆಗೆದರೆ ವಾರ್ಡಿನಲ್ಲಿ ಕರೆಯುತ್ತಿದ್ದಾರೆ ಅಂತ ಇಟ್ಟುಬಿಡುತ್ತೀಯ. ಚಿತ್ರದುರ್ಗದ ರೋಗಿಗಳೆಲ್ಲ ನಾನು ಮದುವೆ ಸುದ್ದಿ ಎತ್ತಿದಾಗಲೇ ನರ್ಸಮ್ಮನನ್ನು ಕೂಗುತ್ತಾರಲ್ಲ, ಅದೇನು ಸೋಜಿಗವೋ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಹೊಳಲ್ಕೆರೆಯಿಂದ ನಿಮ್ಮಪ್ಪ ಫೋನ್ ಮಾಡಿದ್ದರು. ರಾಮಗಿರಿಯ ಸುಕುಮಾರನ ಸಂಬಂಧಕ್ಕೆ ನೀನು ಒಲ್ಲೆ ಅಂದೆಯಂತೆ. ಹುಡುಗ ಹಿಡಿಸಲಿಲ್ಲವೇ ಅಂದರೆ ಹಾಗೇನಿಲ್ಲ ಅಂದೆಯಂತೆ. ಅತ್ತೆಗೆ ಇದ್ದೊಬ್ಬ ಮಗ ಹೋದ, ಈಗ ನಾನೂ ಹೋದರೆ ಅವರಿಗೆ ಯಾರಿದ್ದಾರೆ ಅಂದೆಯಂತೆ. ಮುಂದಿನ ತಿಂಗಳು ಲೆಂಟ್ ಉಪವಾಸ ಶುರುವಾದರೆ ಈಸ್ಟರ್ ಕಳೆಯುವ ತನಕ ಚರ್ಚಿನಲ್ಲಿ ಮದುವೆ ಇಲ್ಲ. ಅಷ್ಟು ದಿನ ಆ ಮನೆಯವರು ಕಾಯುವುದಿಲ್ಲ, ಈ ವಾರವೇ ಉತ್ತರ ಕೇಳುತ್ತಿದ್ದಾರೆ. ನೋಡು ತಾಯಿ, ಬೇಡವೆನ್ನಲು ನಿನಗೆ ನೂರು ಕಾರಣ ಇರಲಿ, ನನ್ನ ನೆಪ ಮಾತ್ರ ಹೇಳಬೇಡ. ಆ ಭಾರ ಹೊರಲು ನನ್ನ ಕೈಲಾಗದು.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಬೈಕಿನ ಅಪಘಾತದಲ್ಲಿ ಜಯಂತ ತೀರಿಕೊಂಡ ಮೇಲೂ ನಾನು ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಹೇಳುವಾಗ ದೇವರ ಚಿತ್ತದಂತೆ ಆಗಲಿ ಅನ್ನುವ ಮಾತು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆಗಿರುವುದು ಸಾಲದೇ ಅನ್ನಿಸುತ್ತಿತ್ತು.

ಕ್ರಿಸ್ಮಸ್ ಹಬ್ಬಕ್ಕೆ ಬಾಣಲೆಯನ್ನೂ ಇಡಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಎಣ್ಣೆ ಕಾಯಿಸಿ ಸಿಹಿ ಕರಿಯಬಾರದು ಅನ್ನುವುದು ನಮ್ಮ ಕೇರಿಯ ಪದ್ಧತಿ. ನಮಗೆ ಅದೆಲ್ಲ ಇಲ್ಲಮ್ಮ ಅಂತ ಪಾಸ್ಟರ್ ಹೇಳಿದರು, ನನಗೆ ಕೈ ಬರಬೇಕಲ್ಲ. ಆಗ ನಮ್ಮ ಮನೆಯ ಹಬ್ಬ ಉಳಿಸಿದವಳು ಪಕ್ಕದ ಮನೆಯ ಓಬಕ್ಕ. ಕುರಿ ಹೊಡೆದುಕೊಂಡು ಬಂದು, ತನ್ನ ದೇವರಿಗೆ ದೀಪ ಹಚ್ಚಿ, ಆಮೇಲೆ ಯೇಸಪ್ಪನ ಹಬ್ಬಕ್ಕೆ ಅಂತ ಕರ್ಜಿಕಾಯಿ ಕರಿದು ತರುತ್ತಿದ್ದಳು. ವರ್ಷ ಒಂದಾಯಿತು, ಎರಡಾಯಿತು, ಮೂರಾಯಿತು. ನಾನು ಅಟ್ಟದಿಂದ ಬಾಣಲೆ ಇಳಿಸಲಿಲ್ಲ, ಅವಳೂ ತರುವುದು ನಿಲ್ಲಿಸಲಿಲ್ಲ.

ಹೋದ ಡಿಸೆಂಬರಿನಲ್ಲಿ, ಡ್ಯೂಟಿ ಅಂತ ನೀನು ಬರಲಿಲ್ಲವಲ್ಲ, ಆಗ ಓಬಕ್ಕ ಬರಿಗೈಯಲ್ಲಿ ಬಂದಳು. ಕಟ್ಟೆಯ ಮೇಲೆ ಕೂತು ನಿಧಾನವಾಗಿ ಎಲೆಯಡಿಕೆ ಹಾಕಿಕೊಂಡು ಹೇಳಿದಳು:

“ನಾನು ಎಷ್ಟು ವರ್ಷ ಅಂತ ಕರೀಲಿ ಜೀವರತ್ನಮ್ಮ? ನಿಮ್ಮ ಯೇಸಪ್ಪ ಮೂರನೇ ದಿನಕ್ಕೆ ಎದ್ದು ಬಂದ ಅಂತೀಯ. ನೀನು ಮೂರು ವರ್ಷ ಆದ್ರೂ ಕುಂತೇ ಅದೀಯಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಚರ್ಚಿನ ಮೆಟ್ಟಿಲು ಹತ್ತದವಳು ನನಗೆ ಪ್ರಸಂಗ ಮಾಡುತ್ತಾಳಲ್ಲ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಳೋ ಅಂತ ಅತ್ತುಬಿಟ್ಟೆ. ಮೊದಲ ಸಲ ದೇವರ ಹತ್ತಿರ ನೇರವಾಗಿ ಜಗಳಕ್ಕೆ ನಿಂತೆ. ನನ್ನ ಮಗನನ್ನು ಯಾಕೆ ಕರೆದುಕೊಂಡೆ ಅಂತ ಕೇಳಿದೆ, ಬಾಯಿಗೆ ಬಂದಂತೆ ಬೈದೆ. ಬೈದು ಬೈದು ಸುಸ್ತಾದ ಮೇಲೆ, ಇಷ್ಟು ಹೊತ್ತೂ ಎದ್ದು ಹೋಗದೆ ಕೇಳಿಸಿಕೊಂಡನಲ್ಲ ಅನ್ನಿಸಿತು. ಯಾರೋ ಪಕ್ಕದಲ್ಲಿ ಕೂತಿರುವಂತೆಯೇ ಇತ್ತು ಮಮತಾ, ಸುಳ್ಳಲ್ಲ. ಮುಖ ತೊಳೆದುಕೊಂಡು ಬಾಣಲೆ ಇಳಿಸಿದೆ.

ಮೊದಲ ಒಬ್ಬೆ ಸೀದುಹೋಯಿತು. ಎರಡನೆಯದು ಬಾಯಿ ಬಿಟ್ಟುಕೊಂಡು ಹೂರಣವೆಲ್ಲ ಎಣ್ಣೆ ಪಾಲಾಯಿತು. ಆಮೇಲೆ ಕೈಗೆ ಹದ ಸಿಕ್ಕಿತು. ಕರಿಯುತ್ತಾ ಹಾಡುತ್ತಿದ್ದೆನಂತೆ, ನನಗೇ ಗೊತ್ತಿಲ್ಲ. ಓಬಕ್ಕ ಗೋಡೆಯಾಚೆ ನಿಂತು ಮಗ ಮಂಜಣ್ಣನನ್ನೂ ಕರೆದು ಕೇಳಿಸಿದಳಂತೆ. ಮಂಜಣ್ಣ ನಿನ್ನ ಆಸ್ಪತ್ರೆಗೆ ತಂದುಕೊಟ್ಟ ಡಬ್ಬಿ ಓಬಕ್ಕನದೇ ಅಂದುಕೊಂಡು, ಈ ಸಲ ಯಾಕೋ ಕರ್ಜಿಕಾಯಿ ಕಪ್ಪಗಿವೆ ಅಂತ ಅವಳಿಗೆ ಫೋನ್ ಮಾಡಿ ಹೇಳಿದೆಯಲ್ಲ, ಅವು ನಾನು ಕರಿದವು. ನಾಚಿಕೆಯಾಗಲಿ ನಿನಗೆ.

ಹಬ್ಬದ ಬೆಳಿಗ್ಗೆ ಪ್ರಾರ್ಥನೆಯಲ್ಲಿ ದೇವರ ಚಿತ್ತದ ಆ ಮಾತು ಬಂದಾಗ ಬಾಯಿಬಿಟ್ಟು ಹೇಳಿದೆ. ದುಃಖ ಹೋಯಿತು ಅಂತಲ್ಲ. ಜಯಂತನ ಅಂಗಿ ಕಂಡರೆ ಈಗಲೂ ಕೆಲಸ ಬಿಟ್ಟು ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ಆದರೂ ನಗು ಬರುತ್ತದೆ, ಹಸಿವಾಗುತ್ತದೆ, ಬೆಳಗಾದರೆ ಏಳಬೇಕು ಅನ್ನಿಸುತ್ತದೆ. ಇದು ನನ್ನ ಗಟ್ಟಿತನವಲ್ಲ, ಆತನು ಕೊಟ್ಟದ್ದು. ಕೊಟ್ಟ ಸಂತೋಷವನ್ನು ಬೇಡವೆನ್ನುವ ಸೊಕ್ಕು ನನಗಿಲ್ಲ. ನಿನಗೂ ಬೇಡ.

ಹಾಗಾಗಿ ನನಗೆ ಯಾರಿದ್ದಾರೆ ಅಂತ ಕೇಳಬೇಡ. ದೇವರಿದ್ದಾನೆ, ಗೋಡೆಯಾಚೆ ಓಬಕ್ಕ ಇದ್ದಾಳೆ. ನೀನು ಮದುವೆಯಾದರೆ ಜಯಂತನನ್ನು ಮರೆತೆ ಅಂದುಕೊಳ್ಳುತ್ತೇನೆ ಅಂತ ತಾನೇ ನಿನ್ನ ಹೆದರಿಕೆ? ಆಸ್ಪತ್ರೆಯಲ್ಲಿ ಅವನ ಕೈ ಹಿಡಿದುಕೊಂಡು ಕೊನೆಯ ತನಕ ಕೂತವಳು ನೀನು. ನಾನು ಹೆತ್ತವಳಾಗಿಯೂ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಬರಲಿಲ್ಲ. ಅದನ್ನು ಕಣ್ಣಾರೆ ಕಂಡ ನಾನು ನಿನ್ನನ್ನು ಆಡಿಕೊಳ್ಳುತ್ತೇನೆಯೇ, ಹುಚ್ಚು ಹುಡುಗಿ?

ಹುಡುಗ ಮನಸ್ಸಿಗೆ ಬರಲಿಲ್ಲವೆಂದರೆ ಬೇಡ ಅನ್ನು, ನಾನು ನಿನ್ನ ಕಡೆ. ಬಂದಿದ್ದರೆ ನಾಳೆಯೇ ನಿಮ್ಮಪ್ಪನಿಗೆ ಹೂಂ ಅನ್ನು. ಮದುವೆಯ ದಿನ ಯಾರು ಏನಾದರೂ ಅಂದುಕೊಳ್ಳಲಿ, ನಾನು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ. ಓಬಕ್ಕ ಈಗಲೇ ಸೀರೆ ಆರಿಸಿಕೊಂಡಿದ್ದಾಳೆ.

ನಿನಗಾಗಿ ದಿನವೂ ಮೊಣಕಾಲೂರುವ
ಅತ್ತೆ
ಜೀವರತ್ನಮ್ಮ

ಇನ್ನೊಂದು ಮಾತು. ನಿಮ್ಮಪ್ಪನ ಮೇಲೆ ಸಿಟ್ಟಾಗಬೇಡ, ಈ ಸಂಬಂಧ ಅವರು ತಂದದ್ದಲ್ಲ. ಹೊಸ ವರ್ಷ ಕಳೆದ ಮೇಲೆ ನಾನೇ ಬಸ್ಸು ಹತ್ತಿ ರಾಮಗಿರಿಗೆ ಹೋಗಿದ್ದೆ. ಸುಕುಮಾರನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತು, ನಮ್ಮ ಹುಡುಗಿಗೆ ಗಂಡು ನೋಡಲು ಬಂದಿದ್ದೇನೆ ಅಂದೆ. ಪಾಪ, ಕಕ್ಕಾಬಿಕ್ಕಿಯಾದ. ಮನೆಗೆ ಕರೆದೊಯ್ದು ಊಟಕ್ಕೆ ಹಾಕಿಸಿದ. ಹೊರಡುವಾಗ ನಿಮ್ಮನ್ನು ಏನಂತ ಕರೆಯಲಿ ಅಂತ ಕೇಳಿದ. ಮಮತಾ ನನ್ನ ಮಗಳು, ಅತ್ತೆ ಅನ್ನಪ್ಪ ಅಂದೆ. ಅಂದೇಬಿಟ್ಟ. ಇನ್ನು ಗಂಡ ಹೆಂಡತಿ ಇಬ್ಬರೂ ನನ್ನನ್ನು ಅತ್ತೆ ಅಂದರೆ ಜನ ನಗುತ್ತಾರೆ. ನೀನು ಅಮ್ಮ ಅನ್ನು.