ಎರಡನೇ ಭಾಗದಲ್ಲಿ ಅಡಗಿದ್ದವನು

ಪ್ರೀತಿಯ ಅಕ್ಕ,

ಎದುರಿಗೆ ಕೂತು ಹೇಳಿದರೆ ನೀನು ಕೇಳುವವಳಲ್ಲ. ನಾನು ಮಾತು ತೆಗೆದ ಕೂಡಲೇ "ಮಗಳ ಪರೀಕ್ಷೆ ಹೇಗಾಯ್ತು", "ನಿಮ್ಮನೆ ನಲ್ಲಿ ರಿಪೇರಿ ಮಾಡ್ಸಿದ್ಯಾ" ಎಂದು ಬಸ್ಸನ್ನು ಬೇರೆ ರಸ್ತೆಗೆ ತಿರುಗಿಸಿಬಿಡುತ್ತೀಯ. ಇಷ್ಟು ವರ್ಷ ಬಸ್ಸು ಓಡಿಸಿದವಳಿಗೆ ಅದೇನು ಕಷ್ಟವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮಾತನ್ನು ನೀನು ನಡುವೆ ತಡೆಯಲಾರೆ. ಹರಿದು ಹಾಕಬಹುದು, ಅಷ್ಟೇ. ಹರಿಯುವ ಮೊದಲು ಒಂದು ಸಲ ಪೂರ್ತಿ ಓದು.

ವಿಷಯ ನಿನಗೆ ಗೊತ್ತಿರುವುದೇ. ನಿನ್ನ ಕಿಡ್ನಿ ಎರಡೂ ಕೈಕೊಟ್ಟಿವೆ. ನನ್ನದು ನಿನಗೆ ಹೊಂದುತ್ತದೆ ಎಂದು ಪರೀಕ್ಷೆಗಳೆಲ್ಲ ಹೇಳಿವೆ. ಭಾವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರದ್ದು ಆಗುವುದಿಲ್ಲ. ಸೋಮವಾರ ಡಾಕ್ಟರು ನಿನ್ನ ಬಾಯಿಂದಲೇ ಒಪ್ಪಿಗೆ ಕೇಳುತ್ತಾರೆ. ನೀನು ಹೂಂ ಅನ್ನದಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ. ನೀನೋ, ಮೊದಲ ದಿನದಿಂದಲೂ ಬೇಡ ಎನ್ನುವುದನ್ನೇ ಹಿಡಿದು ಕೂತಿದ್ದೀಯ.

ಹೋದ ವಾರ ಡಯಾಲಿಸಿಸ್ ಕೋಣೆಯಲ್ಲಿ ನಿನ್ನ ಪಕ್ಕ ಕೂತಿದ್ದೆನಲ್ಲ, ಆ ದಿನದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಿನ್ನ ತೋಳಿನಿಂದ ಹೊರಟ ನಳಿಗೆಗಳು ಮೆಶೀನಿನ ಒಳಗೆ ಹೋಗಿ ವಾಪಸು ಬರುತ್ತಿದ್ದವು. ನೀನು ಅದರ ಪರದೆಯನ್ನೇ ನೋಡುತ್ತ, "ಇದಕ್ಕೆ ಬಿಲ್ಲೆ ಎಲ್ಲಿ ಹಾಕೋದು ಕಣೇ ಮೋಟು?" ಎಂದೆ. ನಾನು ನಕ್ಕೆ. ನಗುವಿನ ಬಿಸಿ ಆರುವ ಮೊದಲೇ ಕಿಡ್ನಿಯ ಮಾತು ತೆಗೆದೆ. ನೀನು ಮುಖವನ್ನು ಗೋಡೆಗೆ ತಿರುಗಿಸಿದೆ. "ಬಿಟ್ಟುಕೊಟ್ಟಿದ್ದು ನಂಗೆ ಬೇಡ. ನಮ್ಮಿಬ್ಬರ ಮಾತು ಮರೆತ್ಯಾ?" ಎಂದೆ. ಭಾವ ಇದು ಯಾವುದೋ ಆಸ್ತಿಯ ವಿಷಯವೆಂದುಕೊಂಡು ಗಾಬರಿಯಿಂದ ನನ್ನ ಮುಖ ನೋಡಿದರು. ಪಾಪ, ಅವರಿಗೇನು ಗೊತ್ತು. ಅದು ನಮ್ಮ ಸೋದರಮಾವನ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡಿದ ಮಾತು.

ಮರೆತಿಲ್ಲ ಅಕ್ಕ. ಆ ಮಾತು ಕಟ್ಟಿದವಳೇ ನಾನು. ಅಮ್ಮ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ದಿನಗಳವು. ಶಾಲೆ ಬಿಟ್ಟ ಮೇಲೆ ಅವಳ ಕೆಲಸ ಮುಗಿಯುವ ತನಕ ನಮ್ಮಿಬ್ಬರನ್ನು ನೋಡಿಕೊಳ್ಳಲು ಮಾವನ ಅಂಗಡಿಯೊಂದೇ ಇತ್ತು. ಮೂಲೆಯಲ್ಲಿ ಕೂತು ಓದಿಕೊಳ್ಳಿ ಎಂದು ಅಮ್ಮ ಕಳಿಸುತ್ತಿದ್ದಳು. ಓದಿದ್ದು ಅಷ್ಟರಲ್ಲೇ ಇತ್ತು. ಬಿಲ್ಲೆ ಹಾಕಿ ಆಡುವ ಪೆಟ್ಟಿಗೆಗಳ ಸಾಲು, ಬೀಡಿ ಹೊಗೆ, ಬೆವರಿದ ಕೈಗಳಿಂದ ಜಿಡ್ಡಾದ ಗುಂಡಿಗಳು, ಎಲ್ಲ ಆಟಗಳೂ ಒಟ್ಟಿಗೆ ಕೂಗಿಕೊಳ್ಳುವ ಸದ್ದು. ನನಗೆ ಜಾಯ್‌ಸ್ಟಿಕ್ ಎಟುಕುತ್ತಿರಲಿಲ್ಲವೆಂದು ಮಾವ ಸೋಡಾ ಬಾಟಲಿಗಳ ಖಾಲಿ ಕ್ರೇಟನ್ನು ಮಗುಚಿ ಹಾಕಿಕೊಟ್ಟ. ಅದರ ಮೇಲೆ ಹತ್ತಿ ನಿಂತವಳಿಗೆ ನೀನು ಮೋಟು ಎಂದು ಹೆಸರಿಟ್ಟೆ. ಈಗ ನಾನು ನಿನಗಿಂತ ಗೇಣು ಎತ್ತರವಿದ್ದೇನೆ, ಹೆಸರು ಮಾತ್ರ ಹಾಗೇ ಉಳಿಯಿತು.

ಮೊದಮೊದಲು ನೀನು ನನಗೆ ಬಿಟ್ಟುಕೊಡುತ್ತಿದ್ದೆ. ನಾನು ಗೆದ್ದೆನೆಂದು ಕ್ರೇಟಿನ ಮೇಲೆ ಕುಣಿಯುತ್ತಿದ್ದಾಗ ಹಿಂದಿನಿಂದ ಯಾರೋ, "ಅಕ್ಕ ಬಿಟ್ಟುಕೊಟ್ಲು, ತಂಗಿ ಗೆದ್ಲು" ಎಂದು ರಾಗ ಎಳೆದರು. ಅಂಗಡಿಯೆಲ್ಲ ನಕ್ಕಿತು. ಆ ಸಂಜೆ ನಾನು ಮುಖ ಊದಿಸಿಕೊಂಡು ಊಟ ಬಿಟ್ಟು ಮಲಗಿದೆ. ನೀನು ಎಬ್ಬಿಸಲು ಬಂದಾಗ ನಿನ್ನಿಂದ ಆಣೆ ಮಾಡಿಸಿಕೊಂಡೆ: ಇನ್ನು ಮುಂದೆ ಒಬ್ಬರಿಗೊಬ್ಬರು ಬಿಟ್ಟುಕೊಡಬಾರದು, ಯಾವುದರಲ್ಲೂ. ನೀನು ಆ "ಯಾವುದರಲ್ಲೂ" ಎನ್ನುವುದನ್ನು ಅಕ್ಷರಶಃ ಪಾಲಿಸಿದೆ. ಚದುರಂಗದಲ್ಲಿ, ಜಗಳದಲ್ಲಿ, ಅಮ್ಮ ಹೋದ ಮೇಲೆ ಅವಳ ಸೀರೆಗಳನ್ನು ಹಂಚಿಕೊಳ್ಳುವಾಗ ಕೂಡ.

ಆಮೇಲೆ ಎರಡನೇ ಭಾಗ ಬಂತು. ನಾವು ದಿನಾ ಆಡುತ್ತಿದ್ದ ಹೊಡೆದಾಟದ ಆಟದ ಮೊದಲ ಭಾಗ ಹಳೆಯದಾಗಿ ಪರದೆಯಲ್ಲಿ ಗೆರೆ ಬೀಳುತ್ತಿದ್ದ ಕಾಲ. ಹೊಸ ಪೆಟ್ಟಿಗೆಯನ್ನು ಕೈಗಾಡಿಯಿಂದ ಇಳಿಸಿದಾಗ ಬೀದಿಯ ಕಟಿಂಗ್ ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದಿದ್ದ. ಮೊದಲ ಭಾಗದಲ್ಲಿ ಕಂಡದ್ದೇ ಆಟ. ಎರಡನೆಯದು ಹಾಗಲ್ಲ. ಕಾಡಿನ ದೃಶ್ಯದಲ್ಲಿ ಮರಗಳ ಸಂದಿಯಿಂದ ಎರಡು ಕಣ್ಣು ಇಣುಕಿ ಮರೆಯಾಗುತ್ತಿದ್ದವು. ಸೋತು ತೂರಾಡುತ್ತ ನಿಂತ ಎದುರಾಳಿಯನ್ನು ಮುಗಿಸುವ ಬದಲು, ಯಾವುದೋ ಗುಂಡಿಯನ್ನು ಅದುಮಿ ಹಿಡಿದರೆ ಗೆದ್ದವನು ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಅದನ್ನು ಕಂಡುಹಿಡಿದವಳು ನೀನೇ. ಕೈ ಒರೆಸಿಕೊಳ್ಳುತ್ತ ಬಂದ ಅಮ್ಮ ಅದೊಂದನ್ನು ನೋಡಿ, "ಪರವಾಗಿಲ್ವೆ, ಮರ್ಯಾದಸ್ಥರೂ ಇದ್ದಾರೆ ಇದರಲ್ಲಿ" ಎಂದಳು.

ಗುಟ್ಟುಗಳು ಬಾಯಿಂದ ಬಾಯಿಗೆ ಬರುತ್ತಿದ್ದವು. ನಿಜ ಯಾವುದು ಬುರುಡೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಯಾಕೆಂದರೆ ನಿಜವಾದವು ಬುರುಡೆಗಿಂತ ವಿಚಿತ್ರವಾಗಿದ್ದವು. ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವನೊಬ್ಬನಿದ್ದ, ನೆನಪಿದೆಯಾ, ಗಾಳಿಸುದ್ದಿ ಹೊತ್ತು ತರುತ್ತಾನೆಂದು ಎಲ್ಲರೂ ಅವನನ್ನು ಗಾಳಿ ಎಂದೇ ಕರೆಯುತ್ತಿದ್ದರು. ಸೋತ ಮೇಲೂ ಪರದೆ ಕಪ್ಪಾಗುವ ತನಕ ಜಾಯ್‌ಸ್ಟಿಕ್ ಮೇಲಕ್ಕೆ ಎಳೆದು ಹಿಡಿದರೆ ಆಟದಲ್ಲಿ ಮುಖ ಮುಚ್ಚಿಕೊಂಡೇ ಹೊಡೆದಾಡುವವಳು ಮುಸುಕು ತೆಗೆಯುತ್ತಾಳೆ ಎಂದ. ನಾವಿಬ್ಬರೂ ಬೆರಳು ಮರಗಟ್ಟುವಷ್ಟು ಹೊತ್ತು ಎಳೆದು ಹಿಡಿದೆವು. ಜಾಯ್‌ಸ್ಟಿಕ್ಕೇ ಕಿತ್ತು ಬಂತು. ಮಾವ ಗಾಳಿಯನ್ನು ಒಂದು ವಾರ ಒಳಗೆ ಬಿಡಲಿಲ್ಲ.

ಹಾಗಿರುವಾಗ ಅವನೇ ಆ ಇನ್ನೊಂದು ಸುದ್ದಿ ತಂದರೆ ಯಾರು ನಂಬುತ್ತಾರೆ? ಆಟದೊಳಗೆ ಹೆಸರಿಲ್ಲದ ಒಬ್ಬ ಅಡಗಿದ್ದಾನೆ, ಮರದ ಸಂದಿಯ ಕಣ್ಣುಗಳು ಅವನದ್ದೇ ಎಂದ. ಮೆಶೀನನ್ನು ಎಷ್ಟು ಸೋಲಿಸಿದರೂ ಅವನು ಬರುವುದಿಲ್ಲ. ಪಕ್ಕದಲ್ಲಿ ನಿಂತು ಆಡುವ ಮನುಷ್ಯರನ್ನು ಒಂದು ಸಲವೂ ಸೋಲದೆ, ಒಂದೇ ಸಮನೆ ಗೆಲ್ಲುತ್ತ ಹೋದರೆ ಮಾತ್ರ ಎದುರಿಗೆ ಬರುತ್ತಾನೆ. ನಡುವೆ ಒಮ್ಮೆ ಸೋತರೂ ಮತ್ತೆ ಮೊದಲಿನಿಂದ.

ಅಂಗಡಿಯಲ್ಲಿ ಅದು ಸಾಧ್ಯವೇ ಇರಲಿಲ್ಲ. ಗೆಲ್ಲುತ್ತಿರುವವರನ್ನು ಕೆಡವಲು ಹಿಂದೆ ದೊಡ್ಡ ಸಾಲೇ ಕಾಯುತ್ತಿತ್ತು. ಬೇಕೆಂದೇ ಸೋಲುವುದು ಮಾವನ ಅಂಗಡಿಯಲ್ಲಿ ಬೈಗುಳಕ್ಕಿಂತ ಕೀಳು. "ಸೋಲೋಕೆ ಅಂತ ಬಂದಿದ್ರೆ ಮನೇಗೆ ಹೋಗಿ" ಎನ್ನುತ್ತಿದ್ದ. ಹಾಗಾಗಿ ಎಲ್ಲರೂ ಇನ್ನಷ್ಟು ಚೆನ್ನಾಗಿ ಆಡಿದರೆ ಅವನು ಸಿಗುತ್ತಾನೆಂದು ತಪ್ಪು ತಿಳಿದು ಹಗಲೆಲ್ಲ ಗುದ್ದಾಡಿದರು. ನೀನು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದೆ. ಅವನು ಯಾರಿಗಾದರೂ ಕಾಣಿಸಿದರೆ ಅದು ನಿನಗೇ ಎಂದು ನಾನು ನಂಬಿದ್ದೆ. ಹೊಟ್ಟೆಕಿಚ್ಚಿನಿಂದ ನಿದ್ದೆ ಕೆಡಿಸಿಕೊಂಡದ್ದೂ ಉಂಟು.

ಈಗ ಆ ಕೊನೆಯ ಮಧ್ಯಾಹ್ನಕ್ಕೆ ಬರುತ್ತೇನೆ. ಇದನ್ನು ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಪೆಟ್ಟಿಗೆಯನ್ನು ಬಾಡಿಗೆಗೆ ಕೊಟ್ಟವರು ವಾಪಸು ಒಯ್ಯುವವರಿದ್ದರು, ಮರುದಿನ ಬೆಳಿಗ್ಗೆ ಕೈಗಾಡಿ ಬರುವುದಿತ್ತು. ಮಾವ ಗಿರಾಕಿಗಳನ್ನೆಲ್ಲ ಬೇಗ ಕಳಿಸಿ, ಶಟರ್ ಅರ್ಧ ಇಳಿಸಿ, "ಇವತ್ತು ಬಿಲ್ಲೆ ಬೇಡ, ಕೈ ಸೋಲೋವರೆಗೂ ಆಡ್ಕೊಳ್ಳಿ" ಎಂದು ಪೆಟ್ಟಿಗೆಯ ಬಾಗಿಲು ತೆರೆದು ಒಳಗಿನ ಸ್ವಿಚ್ಚು ಹಾಕಿಕೊಟ್ಟ. ನಾವು ಶುರು ಮಾಡಿದೆವು. ಮೊದಲ ಆಟ ನಾನು ಗೆದ್ದೆ. ಎರಡನೆಯದನ್ನೂ ಗೆದ್ದೆ. ಇವತ್ತು ನನ್ನ ದಿನ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ನನಗೆ ಗೊತ್ತಾಯಿತು ಅಕ್ಕ.

ಪಕ್ಕಪಕ್ಕ ನಿಂತು ಆಡುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕೈ ನೋಡುತ್ತಾರೆ. ನಾನು ಈಗ ಕಟ್ಟುಹಲ್ಲು ಮಾಡಿ ಹೊಟ್ಟೆ ಹೊರೆಯುವವಳು, ದಿನವಿಡೀ ಕೂದಲೆಳೆಯಷ್ಟು ವ್ಯತ್ಯಾಸವನ್ನೇ ಹುಡುಕುವುದು ನನ್ನ ಕೆಲಸ. ಆ ಕಣ್ಣು ಬಂದದ್ದು ನಿನ್ನ ಕೈ ನೋಡಿ ನೋಡಿ. ನಿಜವಾಗಿ ಆಡುವಾಗ ನಿನ್ನ ಎಡಗೈ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿರುತ್ತಿತ್ತು. ಆ ದಿನ ಅದು ಹೊರಗೆ ಸುಮ್ಮನೆ ಒರಗಿತ್ತು. ಮೂಲೆಗೆ ಸಿಕ್ಕಿಬಿದ್ದಾಗ ನೀನು ಎಂದೂ ತಪ್ಪದೆ ಹಿಂದಕ್ಕೆ ಹಾರುತ್ತಿದ್ದೆ. ಆ ದಿನ ಹಾರಲಿಲ್ಲ. ಆದರೂ ಎಷ್ಟು ನಾಜೂಕಾಗಿ ಸೋತೆ. ಪ್ರತಿ ಆಟವನ್ನೂ ಕೊನೆಯ ಏಟಿನ ತನಕ ತಂದು, ನನ್ನ ಜೀವ ಬಾಯಿಗೆ ಬರುವಂತೆ ಮಾಡಿ, ಆಮೇಲೆ ಒಂದು ಏಟು ತಡವಾಗಿ ಹೊಡೆಯುತ್ತಿದ್ದೆ. "ಕೈ ಬೆವರ್ತಿದೆ ಕಣೇ, ಜಾರ್ತಿದೆ" ಎಂದು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದೆ. ಗೆಲ್ಲುವುದಕ್ಕೆ ನೀನು ಎಂದೂ ಅಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿಲ್ಲ.

ನಾನು ಆಟ ನಿಲ್ಲಿಸಬಹುದಿತ್ತು. ನಮ್ಮ ಮಾತು ಮುರಿದೆಯೆಂದು ಕ್ರೇಟಿನಿಂದ ಇಳಿದು ಅಳಬಹುದಿತ್ತು. ಅಷ್ಟರಲ್ಲಿ ಗಾಜಿನಲ್ಲಿ ನಿನ್ನ ಮುಖದ ನೆರಳು ಕಂಡಿತು. ನೀನು ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದೆ. ಆ ಮುಖದಲ್ಲಿ ಒಂದೇ ಒಂದು ಆಸೆ ಇತ್ತು: ಇವಳಿಗೆ ಅವನು ಕಾಣಿಸಲಿ, ಇವಳಿಗೆ ಗೊತ್ತಾಗದಿರಲಿ. ನಾನು ತಡೆದಿದ್ದರೆ ಸೋಲುತ್ತಿದ್ದದ್ದು ನಿನ್ನ ಆ ಆಸೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಗೆದ್ದೆ. ಮತ್ತೆ ಗೆದ್ದೆ. ನಿನಗೆ ಹೇಗನ್ನಿಸಿತೋ ಕಾಣೆ, ನನಗೆ ಮಾತ್ರ ಆ ಗೆಲುವು ಒಂದೊಂದೂ ಭಾರವಾಗಿತ್ತು. ಕೊಡುವುದು ಸುಲಭವೆಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳುವುದೂ ಸುಲಭವಲ್ಲ ಎಂದು ನನಗೆ ಗೊತ್ತಾದದ್ದು ಆ ಕ್ರೇಟಿನ ಮೇಲೆ.

ಕೊನೆಗೆ ಪರದೆ ಕಪ್ಪಾಯಿತು. ಸದ್ದೆಲ್ಲ ನಿಂತಿತು. ಗಾಳಿ ಒಂದೇ ಒಂದು ಸಲ ನಿಜ ಹೇಳಿದ್ದ. ಹೆಸರಿರಬೇಕಾದ ಜಾಗ ಖಾಲಿ, ಕಪ್ಪಗೆ ಒಬ್ಬ ನಿಂತಿದ್ದ. ನಾನು ಕೈ ಎತ್ತುವಷ್ಟರಲ್ಲಿ ನನ್ನನ್ನು ಹೊಡೆದು ಕೆಡವಿದ. ಅಷ್ಟೇ. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ನೀನು ನನ್ನ ಬೆನ್ನಿಗೆ ಗುದ್ದಿ "ನೋಡಿದ್ಯಾ?" ಎಂದೆ. "ನೋಡ್ದೆ" ಎಂದೆ ನಾನು. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಅಳು ಬರುತ್ತಿತ್ತು.

ನೀನು ಚೀಲ ತರಲು ಒಳಗೆ ಹೋದಾಗ ಮಾವ ಶಟರಿನ ಹತ್ತಿರ ನನ್ನ ತಲೆ ಮೇಲೆ ಕೈ ಇಟ್ಟು, "ಇವತ್ತು ಚೆನ್ನಾಗಿ ಆಡಿದ್ದು ನಿಮ್ಮಕ್ಕ" ಎಂದ. "ಗೊತ್ತು ಮಾವ" ಎಂದೆ. "ಅವಳಿಗೆ ಹೇಳ್ಬೇಡ" ಎಂದ. ಮಾವ ತೀರಿಕೊಂಡ, ಅಮ್ಮ ಹೋದಳು, ನನ್ನ ಮದುವೆಯಾಯಿತು, ನೀನು ಖಾಕಿ ಅಂಗಿ ತೊಟ್ಟು ದೊಡ್ಡ ಸ್ಟೀರಿಂಗ್ ಹಿಡಿದೆ. ನಾನು ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ, ಮಾವ ಬೈದರೆ ಬೈಯಲಿ.

ಬಿಟ್ಟುಕೊಡಬಾರದೆಂಬ ಮಾತನ್ನು ನೀನೇ ಮುರಿದೆ ಅಕ್ಕ, ಯಾವತ್ತೋ ಮುರಿದೆ. ಅದರ ಹಿಂದೆ ಇನ್ನು ಅಡಗಬೇಡ. ನಿನ್ನ ನಿಜವಾದ ಭಯ ಬೇರೆ ಎಂದು ನನಗೆ ಗೊತ್ತು. ಭಾವನ ಹತ್ತಿರ ಹೇಳಿದ್ದೀಯಂತೆ, "ಅವಳ ಮಗಳಿನ್ನೂ ಚಿಕ್ಕವಳು. ತಂಗಿ ಹೊಟ್ಟೆ ಕುಯ್ಸಿ ನಾನು ಬದುಕ್ಬೇಕಾ? ಅವಳಿಗೇನಾದ್ರೂ ಆದ್ರೆ ಆ ಮಗೂಗೆ ಹೇಗೆ ಮುಖ ತೋರಿಸ್ಲಿ?" ಎಂದು. ಭಯ ನನಗೂ ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಡಾಕ್ಟರನ್ನು ಪೀಡಿಸಿ ಪೀಡಿಸಿ ಎಲ್ಲ ಕೇಳಿದ್ದೇನೆ. ಒಂದೇ ಕಿಡ್ನಿಯಲ್ಲಿ ಬದುಕುವವರು ಎಷ್ಟೋ ಜನ ಇದ್ದಾರಂತೆ, ಅಪಾಯ ಇಲ್ಲವೇ ಇಲ್ಲ ಎಂದು ಮಾತ್ರ ಯಾರೂ ಬರೆದುಕೊಡುವುದಿಲ್ಲವಂತೆ. ಇಷ್ಟನ್ನೂ ತಿಳಿದೇ ಹೂಂ ಎಂದಿದ್ದೇನೆ. ಮಗಳಿಗೂ ಕೂರಿಸಿಕೊಂಡು ಹೇಳಿದೆ. "ದೊಡ್ಡಮ್ಮ ಬೇಡ ಅಂದ್ರೆ ಏನ್ಮಾಡ್ತೀಯ?" ಎಂದು ಕೇಳಿದಳು. ಅವಳನ್ನು ಮಲಗಿಸಿ ಈ ಕಾಗದ ಬರೆಯಲು ಕೂತೆ.

ನಾನು ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂದು ತಿಳಿಯಬೇಡ. ನನ್ನ ಸ್ವಾರ್ಥವೇ ಇದರಲ್ಲಿ ಹೆಚ್ಚು. ಅಮ್ಮ ಇಲ್ಲ, ಮಾವ ಇಲ್ಲ. ನಾನು ಕ್ರೇಟಿನ ಮೇಲೆ ನಿಂತದ್ದನ್ನು ಕಂಡವರಲ್ಲಿ ಉಳಿದಿರುವವಳು ನೀನೊಬ್ಬಳು. ನೀನು ಹೋದರೆ ನನ್ನನ್ನು ಮೋಟು ಎನ್ನುವವರು ಯಾರೂ ಇರುವುದಿಲ್ಲ. ನೀನಿಲ್ಲದೆ ನನಗೆ ಆಗುವುದಿಲ್ಲ ಅಕ್ಕ. ಇದನ್ನು ಬಾಯಲ್ಲಿ ಹೇಳಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ.

ಅವತ್ತು ನೀನು ಕೊಟ್ಟದ್ದನ್ನು ನಾನು ಗೊತ್ತಿದ್ದೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಸೋಮವಾರ ನೀನೂ ತೆಗೆದುಕೋ. ಖುಷಿಯಿಂದಲೇ ಆಗಬೇಕೆಂದಿಲ್ಲ. ಬೈಕೊಂಡೇ ತೆಗೆದುಕೋ.

ಆಪರೇಷನ್ ದಿನ ಕೊಡುವವರನ್ನೇ ಮೊದಲು ಒಳಗೆ ಕರೆದೊಯ್ಯುತ್ತಾರಂತೆ, ನರ್ಸಮ್ಮ ಹೇಳಿದರು. ಶಾಲೆಗೆ, ಕೆಲಸಕ್ಕೆ, ಅಮ್ಮನ ಆಸ್ಪತ್ರೆಯ ಬಾಗಿಲೊಳಗೆ, ಎಲ್ಲ ಕಡೆಗೂ ನೀನೇ ಮುಂದೆ ಹೋದೆ, ನಾನು ನಿನ್ನ ಸೆರಗು ಹಿಡಿದು ಹಿಂದೆ ಬಂದೆ. ಇದೊಂದು ಸಲ ನಾನು ಮುಂದೆ ಹೋಗಿರುತ್ತೇನೆ. ನೀನು ಹಿಂದಿನಿಂದ ಬಾ.

ಚಿಕ್ಕವಳು ದೊಡ್ಡವಳನ್ನು ಹರಸುವ ಹಾಗಿಲ್ಲವಂತೆ. ಆದರೂ ಹರಸುತ್ತೇನೆ, ನೂರು ಕಾಲ ಬಾಳು.

ಸೋಮವಾರ ನಿನ್ನ ಬಾಯನ್ನೇ ನೋಡುತ್ತ ಕೂತಿರುವ,
ನಿನ್ನ ಮೋಟು