ಎರಡು ಬೋರ್ಡು, ಒಂದು ತೊಟ್ಟಿಲ ಹಾಡು

ವಿಜಯನಗರ, ಬೆಂಗಳೂರು
೧೧ ಡಿಸೆಂಬರ್ ೨೦೦೫, ರವಿವಾರ

ಪ್ರೀತಿಯ ಚಿಗವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಇಲ್ಲಿಂದ ಹೋಗುವಾಗ ಬಸ್ಸಿನ ಮೆಟ್ಟಿಲು ಹತ್ತಲು ನೀನು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡದ್ದು ಇನ್ನೂ ಕಣ್ಣ ಮುಂದೆ ಇದೆ. ಚಳಿಗೆ ನೋವು ಹೆಚ್ಚಾಗುತ್ತದೆ. ಎಣ್ಣೆ ಬಿಸಿ ಮಾಡಿ ಹಚ್ಚಿಕೋ, ಯಾರಿಗಾದರೂ ತಿಕ್ಕಲು ಹೇಳು, ಸಂಕೋಚ ಮಾಡಿಕೊಳ್ಳಬೇಡ. ಸಂಕೋಚ ನಮ್ಮಿಬ್ಬರಲ್ಲಿ ನನಗೊಬ್ಬನಿಗೆ ಇದ್ದರೆ ಸಾಕು. ನಾನು ಚೆನ್ನಾಗಿದ್ದೇನೆ. ಊಟ ನಮ್ಮ ಕಡೆಯವರ ಖಾನಾವಳಿಯಲ್ಲಿ. ಅವರ ರೊಟ್ಟಿ ನೋಡಿದರೆ ನೀನು ನಗುತ್ತೀಯ, ಅಷ್ಟು ದಪ್ಪ. ಪಲ್ಯ ಪರವಾಗಿಲ್ಲ.

ಈ ಮಾತನ್ನು ಫೋನಿನಲ್ಲೇ ಹೇಳಬೇಕೆಂದು ಎರಡು ಮೂರು ಸಲ ನೋಡಿದೆ. ನಿನ್ನ ಕಡೆ ಕಿರಾಣಿ ಅಂಗಡಿಯ ಫೋನು, ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ನನ್ನ ಕಡೆ ಅಡ್ಡಿಯೆಂದರೆ ನನ್ನ ಬಾಯಿಯೇ. "ಆರಾಮ ಅದೀಯೇನೋ" ಎಂದು ನೀನು ಕೇಳುತ್ತೀಯ, "ಹೂಂ" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಹೋದ ವಾರ ಹನುಮೇಶ ಊರಿಂದ ಬಂದ. ಬಿನ್ನಿಪೇಟೆಯ ಒಂದು ಗೋಡೌನಿನಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಅವನು ಹೇಳಿದ ಸುದ್ದಿ ಕೇಳಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ನಿನ್ನ ಬಣ್ಣದ ಪೆಟ್ಟಿಗೆಯನ್ನು ಶಾಲೆಯ ಮಕ್ಕಳ ನಾಟಕಕ್ಕೆಂದು ಮಾಸ್ತರರಿಗೆ ಕೊಟ್ಟುಬಿಟ್ಟೆಯಂತೆ. ಸಂಕ್ರಾಂತಿಗೆ ಕೆಂಗೇರಿ ಉಪನಗರದಲ್ಲಿ ಆಗುವ ಆಟಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಇಲ್ಲಿನ ನಮ್ಮ ಕಡೆಯವರ ಸಂಘದ ಈರಪ್ಪನವರಿಗೆ ಹೇಳಿದೆಯಂತೆ. "ನನಗ ಇನ್ನ ತಾಳ ನಿಲ್ಲಂಗಿಲ್ಲೋ ಹನುಮ್ಯಾ, ಮಂದಿ ಮುಂದ ಒಮ್ಮೆ ನಗಿಗೇಡಾದ್ದು ಸಾಕು" ಎಂದೆಯಂತೆ. ಹನುಮೇಶ ಅದನ್ನು ನಿನ್ನ ದನಿಯಲ್ಲೇ ಹೇಳಿ ತೋರಿಸಿ ನಕ್ಕ. ನಾನು ತಟ್ಟೆ ಬಿಟ್ಟು ಎದ್ದೆ.

ನೀನು ಬೆಂಗಳೂರಿಗೆ ಬಂದ ದಿನ ಒಂದು ಪ್ರಶ್ನೆ ಕೇಳಿದ್ದೆ. ವಿಜಯನಗರದ ನಮ್ಮ ಲೈಟಿಂಗ್ ಅಂಗಡಿಯಲ್ಲಿ ಮರದ ಮೇಜಿನ ಮೇಲೆ ರಂಗದ ದೀಪ ನಡೆಸುವ ಎರಡು ಲೈಟ್ ಬೋರ್ಡು ಅಕ್ಕಪಕ್ಕ ಇದ್ದವು. ಒಂದು ಹಳೆಯದು, ಎರಡು ಸಾಲು ಸ್ಲೈಡರಿನದು, ಕೈಯಿಂದ ಮೇಲೆ ಕೆಳಗೆ ಸರಿಸಬೇಕು. ಇನ್ನೊಂದು ಹೊಸ ಮೆಮೊರಿ ಬೋರ್ಡು, ಪುಟ್ಟ ಪರದೆಯದು, ಒಮ್ಮೆ ತುಂಬಿಸಿಟ್ಟರೆ ದೀಪಗಳನ್ನು ತಾನೇ ಏರಿಸಿ ಇಳಿಸುವುದು. "ಇವೆರಡರಾಗ ಯಾವ ಆಟಕ್ಕ ಯಾವುದೋ?" ಎಂದು ಕೇಳಿದೆ ನೀನು. ಪಕ್ಕದಲ್ಲಿ ಮಧುಕುಮಾರ್ ನಿಂತಿದ್ದ. ಅವನು ನನ್ನ ಜೊತೆ ಕೆಲಸ ಮಾಡುವವನು, ಡಿಪ್ಲೊಮಾ ಓದಿದವನು. ಅವನ ಎದುರು ನಾನು ದೊಡ್ಡವನ ಹಾಗೆ "ಎಲ್ಲಾದಕ್ಕೂ ಹೊಸಾದೇ ಚಲೋ" ಎಂದುಬಿಟ್ಟೆ. ಅದು ಸುಳ್ಳು. ಸರಿಯಾದ ಉತ್ತರ ಈಗ ಬರೆಯುತ್ತೇನೆ.

ಗಣಪತಿ ಹಬ್ಬದ ಆರ್ಕೆಸ್ಟ್ರಾ ಇದ್ದರೆ ಹೊಸದನ್ನೇ ಒಯ್ಯಬೇಕು. ಅಲ್ಲಿ ಯಾರೂ ಹಾಡುವವನ ಮುಖ ನೋಡುವುದಿಲ್ಲ. ತಲೆ ತಿರುಗಿಸುವ ದೀಪಗಳು ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಕುಣಿದರೆ ಹುಡುಗರು ಸಿಳ್ಳೆ ಹಾಕುತ್ತಾರೆ, ಕೈಯಿಂದ ಅಷ್ಟು ಬೇಗ ಸರಿಸಲು ಆಗದು. ಬಸವೇಶ್ವರನಗರದ ಕಡೆ ಹೆಣ್ಣುಮಕ್ಕಳ ಭರತನಾಟ್ಯ ನಡೆಯುತ್ತದೆ. ಅವರ ಟೀಚರು ಸಿ.ಡಿ. ಹಾಕಿ ಕುಣಿಸಿದರೆ ಅದಕ್ಕೂ ಹೊಸದೇ ಒಳ್ಳೆಯದು, ಏಕೆಂದರೆ ಸಿ.ಡಿ. ಒಂದು ಉಸಿರೂ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಅದೇ ಪಕ್ಕದಲ್ಲಿ ಮೃದಂಗ, ಹಾಡುವವರು ಕುಳಿತಿದ್ದರೆ ಹಳೆಯದು ಬೇಕು. ಮದುವೆ ಆರತಕ್ಷತೆಗೆ ಎರಡೂ ಬೇಡ. ಜೋರಾಗಿ ದೀಪ ಹಾಕಿ ಊಟಕ್ಕೆ ಹೋಗಬಹುದು, ಹುಡುಗಿಯ ಸೀರೆ ಫೋಟೋದಲ್ಲಿ ಬಿದ್ದರೆ ಆಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯದೇ ಸರಿ. ಚಿಕ್ಕ ಮಗುವೊಂದು ಅಳುತ್ತಾ ನಿಂತುಬಿಟ್ಟರೆ ಟೀಚರು ಬಂದು ಎತ್ತಿಕೊಂಡು ಹೋಗುವ ತನಕ ಬೆಳಕು ಕಾಯಬೇಕಲ್ಲ. ಇನ್ನು ಕಂಪನಿ ನಾಟಕಕ್ಕೆ ಯಾವುದು ಎಂದು ನಿನ್ನ ಜೊತೆ ಊರೂರು ತಿರುಗಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಂಪನಿಯ ಕ್ಯಾಂಪು ಬದಲಾದಾಗಲೆಲ್ಲ ಶಾಲೆಯೂ ಬದಲಾಗಿ, ನಾಲ್ಕನೇ ಇಯತ್ತೆಗೆ ಅದು ನಿಂತೇಹೋಯಿತು. ಆಮೇಲೆ ನೀನು ನಾಟಕದ ಪ್ರತಿ ಇಟ್ಟುಕೊಂಡು ಓದಿಸಿದೆ. ಮಧ್ಯಾಹ್ನ ನೀನು ಮಾತು ಬಾಯಿಪಾಠ ಮಾಡುವಾಗ ಎದುರು ಪಾತ್ರ ನಾನು ಓದುತ್ತಿದ್ದೆ, ಈ ಕಾಗದ ಬರೆಯಲು ಬರುತ್ತಿರುವುದು ಅದರಿಂದ. ಸಂಜೆಯಾದರೆ ಲೈಟಿನ ಗೂಳಪ್ಪಜ್ಜನ ಹತ್ತಿರ ಕೂರುತ್ತಿದ್ದೆ. ಅವನು ಉಪ್ಪುನೀರು ತುಂಬಿದ ಭರಣಿಯಲ್ಲಿ ತಗಡು ಇಳಿಸಿ ಎತ್ತಿ ಬೆಳಕು ಹೆಚ್ಚು ಕಡಿಮೆ ಮಾಡುತ್ತಿದ್ದ. ಭರಣಿಯ ಕಡೆ ನೋಡುತ್ತಲೇ ಇರಲಿಲ್ಲ, ನಿನ್ನ ಗಂಟಲು ನೋಡುತ್ತಿದ್ದ. ಮಂದಿ "ವನ್ಸ್ ಮೋರ್" ಎಂದು ಕೂಗಿದರೆ, ನೀನು ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರ ಕಡೆ ತಿರುಗುವ ಮುಂಚೆಯೇ ಅವನ ಕೈ ಹಾಡಿನ ಮೊದಲಿನ ಬೆಳಕಿಗೆ ಮರಳಿರುತ್ತಿತ್ತು. ನೀನು ಅದೇ ಹಾಡನ್ನು ಮೂರು ಸಲ ಹಾಡಿದ ದಿನಗಳಿವೆ. ಆಗ ನನಗೆ ನಿದ್ದೆ ಬಂದು, ಸಾಕು ಮಾಡಬಾರದೇ ಈಕೆ ಎಂದು ಸಿಟ್ಟು ಬರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ, ಸಂಘದವರು ನಿನ್ನನ್ನು ಕರೆಸಿದ ರಾಜ್ಯೋತ್ಸವದ ಆಟಕ್ಕೆ ಹೊಸ ಬೋರ್ಡು ಆರಿಸಿದವನು ನಾನೇ. ನಮ್ಮ ಸಾಹುಕಾರ್ರು ಚನ್ನಕೇಶವ ಅವರು "ನಿಮ್ಮ ಕಡೆ ನಾಟ್ಕ ಕಣೋ ಶಿವು, ನಂಗೊತ್ತಿಲ್ಲ. ಯಾವ್ದು ಬೇಕೋ ನೀನೇ ತಗೊಂಡ್ ಹೋಗು" ಎಂದರು. ಅಂಗಡಿಯಲ್ಲಿ ಮೊದಲ ಸಲ ನನ್ನನ್ನು ಕೇಳಿದ್ದರು. ನೀನು ಬಂದು ನೋಡುವಾಗ ನಾನು ಹೊಸದರ ಮುಂದೆ ಕೂತಿರಬೇಕು ಅನ್ನಿಸಿತು. ಇನ್ನೊಂದು ಆಸೆಯೂ ಇತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಹುಟ್ಟಿದಾಗಿನಿಂದ ನಿನ್ನ ಆಟವನ್ನು ನಾನು ಪಕ್ಕದ ಪರದೆಯ ಸಂದಿಯಿಂದ ನೋಡಿದ್ದೇನೆಯೇ ಹೊರತು ಎದುರಿಗೆ ಕೂತು ನೋಡಿಲ್ಲ. ಯಾವ ದೀಪ ಎಷ್ಟು ಹೊತ್ತು ಎಂದು ಹೊಸ ಬೋರ್ಡಿಗೆ ತುಂಬಿಸಿಟ್ಟರೆ ದೀಪಗಳು ಒಂದರ ಹಿಂದೆ ಒಂದು ತಾವೇ ಬರುತ್ತವೆ, ನಾನು ಕೈಕಟ್ಟಿ ಪ್ರೇಕ್ಷಕನ ಹಾಗೆ ಕೂರಬಹುದು. ಮಧುಕುಮಾರ್ "ಬೇಡ ಮಗಾ, ಡ್ರಾಮಾಗೆ ಟೈಮ್ ಹಾಕ್ಬೇಡ. ಒಂದೊಂದ್ ಸೀನಿಗೂ ಬಟನ್ ಒತ್ತಿ ನೀನೇ ಬಿಡು" ಎಂದ. ನಾನು ಕೇಳಲಿಲ್ಲ. ಮಧ್ಯಾಹ್ನದ ರಿಹರ್ಸಲ್ಲಿನಲ್ಲಿ ನೀನು ಹಾಡಿದ್ದನ್ನು ಅಳತೆ ಹಿಡಿದು ತುಂಬಿಸಿದೆ. ರಿಹರ್ಸಲ್ಲಿನಲ್ಲಿ ನೀನು ಯಾವತ್ತೂ ಗಂಟಲು ಕಾಯ್ದುಕೊಂಡು ಅರ್ಧ ದನಿಯಲ್ಲಿ ಹಾಡುವವಳು, ಖಾಲಿ ಕುರ್ಚಿಗಳು ಯಾವತ್ತೂ ವನ್ಸ್ ಮೋರ್ ಕೂಗುವುದಿಲ್ಲ. ಎರಡೂ ನನ್ನ ತಲೆಗೆ ಹೊಳೆಯಲಿಲ್ಲ. ಹಾಡು ಎಷ್ಟೇ ಎಳೆದರೂ ಇರಲಿ ಎಂದು ಸ್ವಲ್ಪ ಹೊತ್ತು ಹೆಚ್ಚಿಟ್ಟು, ಭಾರಿ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡೆ.

ರಾಜಾಜಿನಗರದ ಆ ಹಾಲು ತುಂಬಿತ್ತು ಚಿಗವ್ವಾ. ನಮ್ಮ ಕಡೆಯ ಮಂದಿ ಕಟ್ಟಡದ ಕೆಲಸದಿಂದ ನೇರ ಬಂದು, ಸುಣ್ಣ ಸಿಮೆಂಟಿನ ಕಾಲಲ್ಲೇ ಕೂತಿದ್ದರು. ತೊಟ್ಟಿಲ ಸೀನಿನಲ್ಲಿ ನೀನು ಖಾಲಿ ತೊಟ್ಟಿಲು ತೂಗುತ್ತಾ ಹಾಡಿದೆ. ಎದುರಿನಿಂದ ನೀನು ಅಷ್ಟು ಸಣ್ಣವಳಾಗಿ ಕಾಣುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ಹಾಡು ಮುಗಿಯಿತು. ಇಡೀ ಹಾಲು ವನ್ಸ್ ಮೋರ್ ಎಂದು ಎದ್ದಿತು, ನನ್ನ ಬಾಯಿಂದಲೂ ಕೂಗು ಬಂತು. ನಾಚಿಕೆಯಿಲ್ಲದೆ ನಾನು ಕೂಗಿದ್ದು ಅದೊಂದೇ ಸಲ. ನೀನು ಮತ್ತೆ ಎತ್ತಿಕೊಂಡೆ. ಹಾಡಿನ ಎರಡನೇ ಸಾಲಿಗೆ ನೀಲಿ ಬೆಳಕು ತಾನಾಗಿ ಇಳಿದುಹೋಯಿತು. ಬೋರ್ಡಿನ ಲೆಕ್ಕದಲ್ಲಿ ನಿನ್ನ ಸೀನು ಮುಗಿದಿತ್ತು. ಮುಂದಿನದು ಹಾಸ್ಯದ ಸೀನು. ಅದಕ್ಕೆಂದು ತುಂಬಿಸಿಟ್ಟ ಕೆಂಪು ಹಸಿರು ದೀಪಗಳು ಬಂದು ನಿನ್ನ ಮುಖದ ಮೇಲೆ, ತೊಟ್ಟಿಲ ಮೇಲೆ ತಿರುಗಾಡಿದವು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು. ನಾನು ಗಾಬರಿಯಲ್ಲಿ ಯಾವುದೋ ಒತ್ತಿದೆ. ಪರದೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದಲು ಬಾರದೆ ಇನ್ನೊಂದು ಒತ್ತಿದೆ. ಎಲ್ಲ ದೀಪವೂ ಹೋಯಿತು. ನೀನು ನಿಲ್ಲಿಸಲಿಲ್ಲ. ಕತ್ತಲಲ್ಲೇ ಹಾಡಿ ಮುಗಿಸಿದೆ, ತೊಟ್ಟಿಲ ಸರಪಳಿಯ ಸದ್ದು ತಾಳಕ್ಕೆ ಸರಿಯಾಗಿ ಕೇಳುತ್ತಿತ್ತು.

ಮರುದಿನ ಮಧುಕುಮಾರ್ ಬೋರ್ಡಿನ ಮೇಲೆ ಒಂದು ಗುಂಡಿ ತೋರಿಸಿದ. ಅದನ್ನು ಒತ್ತಿದ್ದರೆ ಬೆಳಕು ಇದ್ದಲ್ಲೇ ನಿಲ್ಲುತ್ತಿತ್ತಂತೆ. ನಾನು ದಿನಾ ಒರೆಸುವ ಗುಂಡಿ ಅದು. ಮೇಲೆ ಏನು ಬರೆದಿದೆ ಎಂದು ಯಾವತ್ತೂ ಕೇಳಿರಲಿಲ್ಲ, ಕೇಳಿದರೆ ನನ್ನ ನಾಲ್ಕನೇ ಇಯತ್ತೆ ಗೊತ್ತಾಗುತ್ತದಲ್ಲ ಎಂದು. "ಕೇಳಿದ್ರೆ ಹೇಳ್ತಿರ್ಲಿಲ್ವೇನೋ, ಕತ್ತೆ" ಎಂದ. ಅವನ ಮುಖದಲ್ಲಿ ಬೇಸರವಿತ್ತು, ತಾತ್ಸಾರವಿರಲಿಲ್ಲ. ಹಾಗಾಗಿ ಬೋರ್ಡಿನದೂ ತಪ್ಪಿಲ್ಲ ಚಿಗವ್ವಾ.

ಆದರೆ ನನ್ನನ್ನು ಸುಡುತ್ತಿರುವುದು ಆ ಗುಂಡಿಯಲ್ಲ. ಆಟ ಮುಗಿದ ಮೇಲೆ ಈರಪ್ಪನವರು ಸಿಟ್ಟಿನಲ್ಲಿ ರಂಗದ ಹಿಂದಕ್ಕೆ ಬಂದರು. ಸಾಹುಕಾರ್ರು ಬೋರ್ಡಿನ ಮಾನ ಉಳಿಸಲು "ಏನ್ ಮಾಡೋದು ಸಾರ್, ಆಯಮ್ಮ ಎಳೆದ್ಬಿಟ್ರು. ರಿಹರ್ಸಲ್‌ನಲ್ಲಿ ಹಾಡಿದ್ದೇ ಒಂದು, ಇಲ್ಲಿ ಹಾಡಿದ್ದೇ ಒಂದು. ವಯಸ್ಸಾಗಿದೆ, ತಾಳ ತಪ್ತಾರೆ. ಅಲ್ವೇನೋ ಶಿವು?" ಎಂದರು. ನಾನು "ಹೌದು ಸಾರ್" ಎಂದೆ. ಮರೆಗೆ ಕಟ್ಟಿದ ತಟ್ಟಿಯ ಆಚೆ ನೀನು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದೆ. ನೀನು ಕೇಳಿಸಿಕೊಂಡೆ ಎಂದು ನನಗೆ ಗೊತ್ತಾಯಿತು, ಏಕೆಂದರೆ ಬಳೆಯ ಸದ್ದು ನಿಂತಿತು. ಅರ್ಧ ಬಣ್ಣದ ಮುಖದಲ್ಲೇ ಹೊರಗೆ ಬಂದು "ತಪ್ಪು ನಂದ ಐತ್ರಿ. ಹುಡುಗನ್ನ ಬೈಬ್ಯಾಡ್ರಿ" ಎಂದೆ. ನನ್ನನ್ನು ಯಾರೂ ಬೈಯುತ್ತಲೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ "ಉಂಡೇನೋ ನೀ?" ಎಂದು ಕೇಳಿದೆ. ಅದಕ್ಕೂ ಹೌದು ಎಂದೆ. ಉಂಡಿರಲಿಲ್ಲ.

ಆ ದಿನದಿಂದ ನೀನು ನನ್ನ ಸುಳ್ಳನ್ನೇ ನಂಬಿಕೊಂಡಿದ್ದೀಯ. ನನ್ನನ್ನು ಕಾಪಾಡಲು ಹಾಗೆಂದೆ ಎಂದು ಮೊದಲು ತಿಳಿದಿದ್ದೆ. ಪೆಟ್ಟಿಗೆ ಕೊಟ್ಟೆಯೆಂದು ಕೇಳಿದ ಮೇಲೆ ನೀನು ನಿಜವಾಗಿಯೂ ನಂಬಿದ್ದೀಯ ಎಂದು ತಿಳಿಯಿತು. ಹೊರಗಿನವರು ಹೇಳಿದ್ದರೆ ನೀನು ನಕ್ಕು ಬಿಡುತ್ತಿದ್ದೆ. ಗೂಳಪ್ಪಜ್ಜನ ಪಕ್ಕ ಕೂತು ಬೆಳೆದ ನಾನು ಹೌದು ಎಂದದ್ದಕ್ಕೆ ನಂಬಿದೆ. ನಿನ್ನ ತಾಳ ಕೂದಲಷ್ಟೂ ತಪ್ಪಿರಲಿಲ್ಲ ಚಿಗವ್ವಾ. ಕತ್ತಲಲ್ಲಿ ಪೇಟಿ ಮಾಸ್ತರರೇ ಒಂದು ಕಡೆ ತಡವರಿಸಿದರು, ನೀನು ತಡವರಿಸಲಿಲ್ಲ. ಇದನ್ನು ಈರಪ್ಪನವರಿಗೂ ಸಾಹುಕಾರ್ರಿಗೂ ಹೇಳಬೇಕು. ಇನ್ನೂ ಹೇಳಿಲ್ಲ. ನಿನಗೆ ಬರೆಯುವುದು ಸುಲಭ, ನೀನು ಬೈಯುವುದಿಲ್ಲ. ಅದೂ ನಾಚಿಕೆಯ ಮಾತೇ.

ಕಾಲಿಗೆ ಚಳಿ ತಾಗಿಸಿಕೊಳ್ಳಬೇಡ. ಪೇಟಿ ಮಾಸ್ತರರು ಸಿಕ್ಕರೆ ನನ್ನ ನಮಸ್ಕಾರ ಹೇಳು, ತಡವರಿಸಿದ ವಿಷಯ ನಾನು ಬರೆದೆ ಎಂದು ಮಾತ್ರ ಹೇಳಬೇಡ. ನಿನ್ನ ಪಾದ ಹಿಡಿಯಲು ಇಲ್ಲಿಂದ ಕೈ ಎಟುಕುವುದಿಲ್ಲ, ಹಿಡಿದೆನೆಂದು ತಿಳಿ.

ಇಂತಿ ನಿನ್ನ ಮಗ
ಶಿವಯೋಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಡಬ್ಬಿಗೆ ಹಾಕಲು ಹೊರಟವನು ಬ್ಯಾಡರಹಳ್ಳಿಯ ಬಸ್ಸು ಹತ್ತಿ ಈರಪ್ಪನವರ ಮನೆಗೆ ಹೋದೆ. ಸಂಘದವರೆಲ್ಲ ಇದ್ದರು, ಕೆಂಗೇರಿ ಆಟದ ಮಾತಿಗೆ ಸಾಹುಕಾರ್ರೂ ಬಂದಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಸಾಹುಕಾರ್ರು "ಇಷ್ಟ್ ದಿನ ಬಾಯಲ್ಲಿ ಏನೋ ಇಟ್ಕೊಂಡಿದ್ದೆ? ಈಗ ಆಯಮ್ಮಂಗೆ ನಾನು ಮುಖ ಹೆಂಗೋ ತೋರಿಸ್ಲಿ" ಎಂದು ತಲೆ ತಗ್ಗಿಸಿದರು. ಈರಪ್ಪನವರು "ಕತ್ತಲಾಗ ಹಾಡು ಪೂರಾ ಮಾಡಿದಾಕಿಗೆ ತಾಳ ತಪ್ಪತೈತೇನೋ ಹುಚ್ಚಪ್ಯಾಲಿ, ನಮಗೇನ ಕಿವಿ ಇರಲಿಲ್ಲೇನು?" ಎಂದರು. ಬೇರೆ ಯಾರನ್ನೂ ಅವರು ಕರೆದಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ನಿನ್ನ ಹೆಸರಿನ ಜಾಗ ಖಾಲಿ ಇಟ್ಟು ಅಚ್ಚಿಗೆ ಕೊಡದೆ ಕಾಯುತ್ತಿದ್ದಾರೆ. ಕೆಂಗೇರಿಗೆ ಹಳೇ ಬೋರ್ಡೇ ಒಯ್ಯುವುದು, ನಾನು ಕೇಳಿ ಇಸ್ಕೊಂಡಿದ್ದೇನೆ. ಎದುರಿಗೆ ಕೂತು ನೋಡುವ ಆಸೆ ಬಿಟ್ಟೆ, ಪಕ್ಕದ ಸಂದಿಯಲ್ಲಿ ಬೋರ್ಡು ಇಟ್ಟುಕೊಂಡು ಕೂತರೆ ನಿನ್ನ ಗಂಟಲು ಚೆನ್ನಾಗಿ ಕಾಣುತ್ತದೆ. ರಿಹರ್ಸಲ್ಲಿನಲ್ಲಿ ಅರ್ಧ ದನಿಯಲ್ಲೇ ಹಾಡು. ಮಾಸ್ತರರ ಹತ್ತಿರ ಹೋಗಿ ಪೆಟ್ಟಿಗೆ ವಾಪಸು ಇಸ್ಕೊಂಡು ಬಾ.